ದನಿ ಬಿದ್ದದ

ಚಿಮ್ಮನಚೋಡ
೧೧ ಜನವರಿ ೧೯೮೨

ದಸ್ತಗೀರ ಸಾಹೇಬರಿಗೆ,

ನಾನು ಅನಸುಬಾಯಿ, ಇಲ್ಲಿಯ ಚರ್ಚಿನ ಪಾಸ್ಟರರ ಹೆಂಡತಿ. ನೀವು ನನ್ನನ್ನು ನೋಡಿಲ್ಲ. ಶಹಾಬಾದಿನ ಹಿರಿಯ ಪಾಸ್ಟರರು ನಮಗೊಂದು ಟೇಪ್ ರೆಕಾರ್ಡರ್ ಕಳಿಸಿ, ಏನು ತೊಂದರೆ ಬಂದರೂ ವಾಡಿ ಸ್ಟೇಷನ್ ರಸ್ತೆಯ ರೇಡಿಯೊ ರಿಪೇರಿಯವರಾದ ನಿಮಗೆ ಬರೆಯಿರಿ ಎಂದಿದ್ದಾರೆ. ನಮ್ಮ ಕಡೆಯ ಚರ್ಚುಗಳ ಮೈಕು, ಟೇಪು ಎಲ್ಲ ನೀವೇ ನೋಡುತ್ತೀರಂತೆ.

ಸುತ್ತಿನ ಹಳ್ಳಿಗಳ ಸಭೆಗಳೂ ನಮ್ಮ ಪಾಸ್ಟರರ ಪಾಲಿಗೇ ಇವೆ. ಒಂದೊಂದು ಊರಲ್ಲಿ ನಾಲ್ಕೈದು ಮನೆ. ಇವರು ಸೈಕಲ್ ತುಳಿದು ಹೋಗುತ್ತಾರೆ, ಆದರೂ ಕೆಲವು ಊರಿಗೆ ತಿಂಗಳಿಗೊಮ್ಮೆ ಮುಟ್ಟುವುದೂ ಆಗುವುದಿಲ್ಲ. ಇನ್ನು ಮೇಲೆ ಇಲ್ಲಿಯ ಆರಾಧನೆಯನ್ನು ನಾವು ಟೇಪ್ ಮಾಡಿ ನಿಮಗೆ ಕಳಿಸಬೇಕು, ನೀವು ಅದರಿಂದ ಬೇರೆ ಕ್ಯಾಸೆಟ್ಟುಗಳನ್ನು ತುಂಬಿಸಿ ಹಳ್ಳಿಗಳಿಗೆ ಕಳಿಸಬೇಕು ಎಂದು ಹಿರಿಯ ಪಾಸ್ಟರರ ಏರ್ಪಾಡು.

ಇವರು ಯಂತ್ರ ಮುಟ್ಟುವುದಿಲ್ಲ. "ಹೇಳೂದು ನಾ ಹೇಳ್ತೀನಿ, ಹಿಡಿಯೂದು ನೀ ಹಿಡಿ" ಎಂದು ನನಗೇ ಬಿಟ್ಟಿದ್ದಾರೆ. ಜೊತೆಗೆ ಬಂದ ಹಾಳೆ ಇಂಗ್ಲಿಷಿನಲ್ಲಿದೆ. ಸಭೆಯ ಹಿರಿಯ ಧರ್ಮಣ್ಣನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೆಂಪು ಗುಂಡಿ ಒಂದ ಒತ್ತಬಾರದು, ಜೋಡಿ ಒತ್ತಬೇಕು, ಗಂಡಾ ಹೆಂಡ್ತಿ ಇದ್ದಂಗ" ಎಂದು ಹೇಳಿದರು. ಹಾಗೆ ಒತ್ತಿದರೆ ಟೇಪು ತಿರುಗಿತು.

ಮೊದಲ ಕ್ಯಾಸೆಟ್ಟನ್ನು ಚಿಂಚೋಳಿ–ಸೇಡಂ–ವಾಡಿ ಬಸ್ಸಿನ ಕಂಡಕ್ಟರ ನಾಗೇಂದ್ರಪ್ಪನವರ ಕೈಯಲ್ಲಿ ಕಳಿಸಿದ್ದೇನೆ. ಇವರು ಉಪದೇಶ ಮಾಡುವ ಪ್ರಸಂಗ ಚೆನ್ನಾಗಿ ಕೇಳಿಸುತ್ತದೆ. ಪ್ರಾರ್ಥನೆ ಬಂದ ಕೂಡಲೇ ಬಾವಿಯೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಸರಿ. ದೇವರ ಜೊತೆ ಮಾತಾಡಿದ್ದು ಯಂತ್ರಕ್ಕೆ ಸಿಗಬಾರದು ಎಂದು ಕೆಲವರು ಹೇಳುತ್ತಿದ್ದಾರೆ. ಯಾಕೆ ಹೀಗೆ, ತಿಳಿಸಬೇಕು.

ಅನಸುಬಾಯಿ


ವಾಡಿ
೧೯ ಜನವರಿ ೧೯೮೨

ಅನಸುಬಾಯಿಯವರಿಗೆ,

ಕ್ಯಾಸೆಟ್ ಬಂತು. ಪಾಸ್ಟರ್ ದಾನಿಯೇಲಪ್ಪನವರ ಕಂಠ ಒಳ್ಳೆಯದು. ಅಂಗಡಿಯಲ್ಲಿ ಹಚ್ಚಿದಾಗ ಚಹಾ ಕುಡಿಯಲು ಬಂದವರು ಎದ್ದು ಹೋಗಲಿಲ್ಲ. ನನಗೆ ಅಷ್ಟು ಸಾಕು.

ಯಂತ್ರದ ವಿಷಯ. ಮೈಕು ಪೆಟ್ಟಿಗೆಯೊಳಗೇ ಇದೆ. ಮುಂದಿನ ಜಾಳಿಗೆಯ ಮೂಲೆಯಲ್ಲಿರುವ ಸಣ್ಣ ತೂತು ಅದೇ. ಆ ತೂತು ಮಾತಾಡುವವರ ಕಡೆ ಇರಲಿ. ಬರಿ ಮೇಜಿನ ಮೇಲೆ ಇಡಬೇಡಿ, ಮೋಟರಿನ ಗುರುಗುರು ಹಿಡಿಯುತ್ತದೆ. ಕೆಳಗೆ ಮಡಿಸಿದ ಚಾದರ ಹಾಕಿ. ತಿಂಗಳಿಗೊಮ್ಮೆ ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸಬೇಕು. ಟೇಪು ಸವರಿ ಹೋಗುವ ಹೊಳೆಯುವ ಭಾಗವೇ ಹೆಡ್ಡು. ಕೊಬ್ಬರಿ ಎಣ್ಣೆ ಹಚ್ಚಬಾರದು. ದಂಡೋತಿಯಲ್ಲಿ ಒಬ್ಬರು ಹಚ್ಚಿದ್ದರು, ಅದಕ್ಕೆ ಹೇಳುತ್ತಿದ್ದೇನೆ. ಬೇಕಾದ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿ ಮುರಿದುಬಿಡಿ. ಆಮೇಲೆ ಯಾರು ಕೆಂಪು ಗುಂಡಿ ಒತ್ತಿದರೂ ಅದು ಅಳಿಸುವುದಿಲ್ಲ.

ಪ್ರಾರ್ಥನೆಯ ಹೊತ್ತಿಗೆ ಮಾತ್ರ ದನಿ ಮುಚ್ಚಿಕೊಳ್ಳುವುದು ಯಂತ್ರದ ದೋಷ ಆಗಲಾರದು. ಯಂತ್ರಕ್ಕೆ ಪ್ರಸಂಗ ಯಾವುದು, ಪ್ರಾರ್ಥನೆ ಯಾವುದು ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಗುಲಾಮ ದಸ್ತಗೀರ


ಚಿಮ್ಮನಚೋಡ
೨ ಫೆಬ್ರವರಿ ೧೯೮೨

ದಸ್ತಗೀರ ಅಣ್ಣನವರಿಗೆ,

ನೀವು ಕೇಳಿದ್ದು ಒಳ್ಳೆಯದಾಯಿತು. ಪ್ರಾರ್ಥನೆಗೆ ಹೆಣ್ಣುಮಕ್ಕಳೆಲ್ಲ ತಲೆಯ ಮೇಲೆ ಸೆರಗು ಹೊದೆಯುತ್ತೇವೆ. ಯಂತ್ರ ದೇವರ ಮುಂದೆ ಬರಿ ತಲೆಯಲ್ಲಿ ಕುಳಿತಿರಬಾರದು ಎಂದು ಅದಕ್ಕೂ ದಪ್ಪನೆಯ ಟವೆಲ್ ಹೊದಿಸುತ್ತಿದ್ದೆವು. ನಾನೇ ಹೊದಿಸುತ್ತಿದ್ದೆ. ನಿಮ್ಮ ಪತ್ರ ಓದಿದ ಮೇಲೆ ನನಗೇ ನಗು ಬಂತು.

ಟವೆಲ್ ತೆಗೆಯೋಣ ಎಂದರೆ ಹಿರಿಯ ಹೆಂಗಸರು ಒಪ್ಪಲಿಲ್ಲ. "ಹಂಗಾರ ಅದು ಗಂಡಸು ಅನ್ರಿ, ಗಂಡಸರು ತಲಿ ಮ್ಯಾಲ ಹಾಕ್ಕೊಳಂಗಿಲ್ಲಲ್ಲ" ಎಂದು ಧರ್ಮಣ್ಣನವರು ಅಂದರು. ಅದಕ್ಕೆ ಒಪ್ಪಿದರು. ಈಗ ಯಂತ್ರ ಗಂಡಸರ ಸಾಲಿನಲ್ಲಿ ಕೂಡುತ್ತದೆ. ಎರಡನೇ ಕ್ಯಾಸೆಟ್ ಕಳಿಸಿದ್ದೇನೆ, ಪ್ರಾರ್ಥನೆ ಸ್ವಚ್ಛ ಬಂದಿದೆ.

ಇವರಿಗೆ ತಮ್ಮ ಮಾತನ್ನು ತಾವೇ ಕೇಳಿದ್ದು ಇದೇ ಮೊದಲು. "ಇದು ನನ್ನ ದನಿ ಅಲ್ಲ" ಎಂದರು. ದೀಪಾವಳಿಯಿಂದ ಸ್ವಲ್ಪ ಕೆಮ್ಮು ಇದೆ. ಪ್ರಸಂಗ ಮಾಡುವವರ ಗಂಟಲು ಹಾಗೇ ಇರುತ್ತದೆ ಎನ್ನುತ್ತಾರೆ. ಅದು ಯಂತ್ರದ ವಿಷಯವಲ್ಲ, ಸುಮ್ಮನೆ ಬರೆದೆ.

ಇನ್ನೊಂದು ಮಾತು. ಈ ಕ್ಯಾಸೆಟ್ ತುಂಬಿಸಿದ ಮೇಲೆ, ಕಳೆದ ಆದಿತ್ಯವಾರದಿಂದ ದನಿ ಬಿದ್ದದ. ಏನು ಮಾಡಬೇಕು?

ಅನಸುಬಾಯಿ


ವಾಡಿ
೧೦ ಫೆಬ್ರವರಿ ೧೯೮೨

ಅನಸುಬಾಯಿ ತಂಗಿಗೆ,

ಟವೆಲಿನ ವಿಷಯ ಮನೆಯಲ್ಲಿ ಓದಿ ಹೇಳಿದೆ. ನಮ್ಮ ಮನೆಯವಳು ಖುರ್ಷಿದಬೇಗಂ, "ಅದರಾಗ ನಗೂದೇನದ, ಅದಬ್ ಅಂದ್ರ, ಮರ್ಯಾದಿ ಅಂದ್ರ ಹಂಗೇ" ಎಂದು ನನಗೇ ಬೈದಳು.

ತಮ್ಮ ದನಿ ತಮ್ಮದಲ್ಲ ಎಂದು ಮೊದಲ ಸಲ ಕೇಳಿದವರೆಲ್ಲ ಹೇಳುತ್ತಾರೆ. ಪಾಸ್ಟರರಿಗೆ ಚಿಂತೆ ಬೇಡ ಎಂದು ತಿಳಿಸಿ.

ದನಿ ಬಿದ್ದದ್ದಕ್ಕೆ ಕಾರಣ ಮೂರು ಇರಬಹುದು. ಸೆಲ್ಲು ಇಳಿದಿರಬೇಕು, ಹೆಡ್ಡಿಗೆ ಹೊಲಸು ಹತ್ತಿರಬೇಕು, ಇಲ್ಲವೇ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿರಬೇಕು. ಮೊದಲು ಸೆಲ್ಲು ಎಲ್ಲ ಒಮ್ಮೆಗೇ ಬದಲಿಸಿ. ಹಳೆಯದು ಹೊಸದು ಕೂಡಿಸಬೇಡಿ. ನಿಮ್ಮ ಸೆಟ್ಟಿಗೆ ನಾಲ್ಕು ತಿಂಗಳೂ ಆಗಿಲ್ಲ, ದೊಡ್ಡ ದೋಷ ಇರಲಾರದು. ಇದು ಸೆಲ್ಲಿನದೇ ಮಾತು, ನನ್ನ ಮಾತು ನಂಬಿ.

ಗುಲಾಮ ದಸ್ತಗೀರ


ಚಿಮ್ಮನಚೋಡ
೬ ಮಾರ್ಚ್ ೧೯೮೨

ದಸ್ತಗೀರ ಅಣ್ಣನವರಿಗೆ,

ಸೆಲ್ಲು ಬದಲಿಸಿದೆ. ಹೆಡ್ಡು ಒರೆಸಿದೆ. ನಿಮ್ಮ ಪತ್ರದ ಕೊನೆಯ ಸಾಲನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. "ವಾಡಿಯವರು ಹೇಳ್ಯಾರ, ಸೆಲ್ಲಿಂದು ಅಂತ" ಎಂದೆ. ಇವರು ನಕ್ಕು, "ನನಗೂ ಎರಡು ಹೊಸಾ ಸೆಲ್ಲು ತರಸು" ಎಂದರು.

ನಾನು ದನಿ ಬಿದ್ದದ ಎಂದು ಬರೆದಾಗ ಯಾವುದರ ದನಿ ಎಂದು ಬಿಡಿಸಿ ಬರೆಯಲಿಲ್ಲ. ನೀವು ಯಂತ್ರದ್ದು ಎಂದು ತಿಳಿದು ಉತ್ತರ ಕೊಟ್ಟಿರಿ. ಅದನ್ನು ಓದಿದಾಗ ಅದೇ ನಿಜ ಇರಬೇಕು ಅನಿಸಿತು. ನೀವು ಇದರಲ್ಲಿ ತಿಳಿದವರು.

ಈ ತಿಂಗಳ ಕ್ಯಾಸೆಟ್ ಕಳಿಸಿದ್ದೇನೆ. ಇದರಲ್ಲಿ ಸರಿ ಇದೆ ಎಂದು ನನಗೆ ಅನಿಸುತ್ತದೆ. ನೀವು ಕೇಳಿ ಹೇಳಿ. ಬೇಗ ಬರೆಯಿರಿ.

ಅನಸುಬಾಯಿ


ವಾಡಿ
೧೫ ಮಾರ್ಚ್ ೧೯೮೨

ಅನಸುಬಾಯಿ ತಂಗಿಗೆ,

ಕ್ಯಾಸೆಟ್ಟನ್ನು ಅಂಗಡಿಯ ಎರಡು ಸೆಟ್ಟಿನಲ್ಲಿ ಹಚ್ಚಿ ಕೇಳಿದೆ. ಸರಿ ಇಲ್ಲ. ದನಿ ಸಣ್ಣದಾಗಿಲ್ಲ, ಒಡೆದಿದೆ. ಹರಿದ ಸ್ಪೀಕರಿನಿಂದ ಬಂದ ಹಾಗೆ ಕರಕರ ಎನ್ನುತ್ತದೆ. ಹಾಡುಗಳು ಮಾತ್ರ ಸ್ವಚ್ಛ ಇವೆ. ಹಾಡು ದೂರದಿಂದ ಬರುತ್ತದೆ, ಪ್ರಸಂಗ ಹತ್ತಿರದಿಂದ ಬರುತ್ತದೆ, ಹತ್ತಿರದ ದನಿಯನ್ನು ಮೈಕು ತಾಳುತ್ತಿಲ್ಲ ಎಂದು ನನ್ನ ಅಂದಾಜು.

ಸೆಟ್ಟು ಕಳಿಸಿ. ತೆರೆದು ನೋಡುತ್ತೇನೆ. ಬಸ್ಸಿನಲ್ಲಿ ಸೀಟಿನ ಕೆಳಗೆ ಇಡದೆ, ತೊಡೆಯ ಮೇಲೆ ಇಟ್ಟುಕೊಂಡು ಬರಲು ನಾಗೇಂದ್ರಪ್ಪನವರಿಗೆ ಹೇಳಿ.

ಗುಲಾಮ ದಸ್ತಗೀರ


ಚಿಮ್ಮನಚೋಡ
೨೪ ಮಾರ್ಚ್ ೧೯೮೨

ದಸ್ತಗೀರ ಅಣ್ಣನವರಿಗೆ,

ಸೆಟ್ಟು ನಾಗೇಂದ್ರಪ್ಪನವರ ಕೈಗೆ ಕೊಟ್ಟಿದ್ದೇನೆ. "ಅಕ್ಕಾರ, ಟಿಕೀಟು ಕೊಡ್ಲೋ, ಇದನ್ನ ಹೊತ್ಕೊಂಡು ಕುಂದರ್ಲೋ" ಎಂದು ಗೊಣಗಿದರೂ ತೆಗೆದುಕೊಂಡರು.

ಇಲ್ಲಿ ಧರ್ಮಣ್ಣನವರು ಇವರನ್ನು ದವಾಖಾನೆಗೆ ಕರೆದುಕೊಂಡು ಹೋಗಬೇಕು ಎಂದು ಹಟ ಹಿಡಿದಿದ್ದಾರೆ. "ಪಾಸ್ಟರರ ದನಿ ಒಡದದ, ಊಟಕ್ಕ ಕುಂತ್ರ ನುಂಗಾಕ ತ್ರಾಸ ಮಾಡ್ಕೊಳ್ಳಾಕತ್ತಾರ, ನಿಮಗ ಕಾಣಂಗಿಲ್ಲೇನ್ರಿ" ಎಂದು ಎಲ್ಲರ ಮುಂದೆ ನನ್ನನ್ನು ಕೇಳಿದರು. ನನಗೆ ಸಿಟ್ಟು ಬಂತು. "ವಾಡಿಯವರು ಎರಡು ಸೆಟ್ಟಿಗೆ ಹಚ್ಚಿ ನೋಡ್ಯಾರ, ಅದು ಮೈಕಿನ ದೋಷ. ಮಶೀನು ಬರ್ಲಿ, ಆಮ್ಯಾಲ ಮಾತಾಡೋಣು" ಎಂದೆ.

ನೀವು ತೆರೆದು ನೋಡಿದ ಮೇಲೆ ಏನಿತ್ತು ಎಂದು ಸ್ಪಷ್ಟ ಬರೆಯಬೇಕು. ದೋಷ ಅದರಲ್ಲಿ ಇತ್ತು ಎಂದು ನೀವು ಬರೆದರೆ ಅದನ್ನು ಎಲ್ಲರಿಗೂ ತೋರಿಸುತ್ತೇನೆ. ಗುಡ್ ಫ್ರೈಡೆಯ ಮುಂಚೆ ಸೆಟ್ಟು ಬಂದರೆ ಒಳ್ಳೆಯದು.

ಅನಸುಬಾಯಿ


ವಾಡಿ
೩ ಏಪ್ರಿಲ್ ೧೯೮೨

ಅನಸುಬಾಯಿ ತಂಗಿಗೆ,

ಸೆಟ್ಟು ಕಳಿಸಿದ್ದೇನೆ. ಎಲ್ಲ ತೆರೆದು ಸ್ವಚ್ಛ ಮಾಡಿದ್ದೇನೆ. ಹೊಸ ಮೈಕು ಹಾಕಿದ್ದೇನೆ. ಈಸ್ಟರಿನ ಆರಾಧನೆ ಟೇಪ್ ಮಾಡಿ ಕೂಡಲೇ ಕಳಿಸಿ.

ಪಾಸ್ಟರರು ಬಿಸಿ ನೀರು ಕುಡಿಯಲಿ. ಗಂಟಲಿಗೆ ವಿಶ್ರಾಂತಿ ಕೊಡಲಿ.

ಗುಲಾಮ ದಸ್ತಗೀರ


ಚಿಮ್ಮನಚೋಡ
೧೪ ಏಪ್ರಿಲ್ ೧೯೮೨

ದಸ್ತಗೀರ ಅಣ್ಣನವರಿಗೆ,

ನಿಮ್ಮ ಪತ್ರ ಇಷ್ಟು ಸಣ್ಣದು ಎಂದೂ ಬಂದಿರಲಿಲ್ಲ. ಹಳೆಯ ಮೈಕಿನಲ್ಲಿ ಏನು ಕೆಟ್ಟಿತ್ತು ಎಂದು ಬರೆದಿಲ್ಲ. ಪಾಸ್ಟರರಿಗೆ ಬಿಸಿ ನೀರು ಎಂದು ಬರೆದಿದ್ದೀರಿ. ನಾನು ನಿಮಗೆ ಅದನ್ನು ಕೇಳಿರಲಿಲ್ಲ.

ಈಸ್ಟರ್ ಕ್ಯಾಸೆಟ್ ಇದರ ಜೊತೆ ಇದೆ. ಹೊಸ ಮೈಕಿನಲ್ಲೂ ಹಾಗೇ ಬಂದಿದೆ. ಹೊಸ ಮೈಕೂ ಕೆಟ್ಟದ್ದು ಇರಬಹುದಲ್ಲವೇ? ಅಂಗಡಿಯಿಂದ ಬರುವಾಗಲೇ ಕೆಲವು ಹಾಗೆ ಇರುತ್ತವೆ ಎಂದು ಕೇಳಿದ್ದೇನೆ. ಅದು ಆಗಿರಬಹುದು ಎಂದರೂ ಬರೆಯಿರಿ, ಅಲ್ಲ ಎಂದರೂ ಬರೆಯಿರಿ. ಸುಮ್ಮನೆ ಇರಬೇಡಿ. ಈಸ್ಟರಿನ ದಿನ ಪ್ರಸಂಗದ ನಡುವೆ ಇವರ ಮಾತು ನಿಂತಿತು. ಮಾತು ಮರೆತರು ಎಂದು ಜನ ತಿಳಿದರು. ಇವರು ಮಾತು ಮರೆಯುವವರಲ್ಲ.

ಅನಸುಬಾಯಿ


ವಾಡಿ
೧೯ ಏಪ್ರಿಲ್ ೧೯೮೨

ಅನಸುಬಾಯಿ ತಂಗಿಗೆ,

ಇದನ್ನು ಕೂತು ಓದಿ.

ನಿಮ್ಮ ಸೆಟ್ಟಿನಲ್ಲಿ ದೋಷ ಇಲ್ಲ. ಮೊದಲೂ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ತೆರೆದ ದಿನವೇ ಅದರಲ್ಲಿ ನನ್ನ ದನಿ ಹಿಡಿದು ನೋಡಿದೆ, ಖುರ್ಷಿದಬೇಗಂಳ ದನಿ ಹಿಡಿದೆ, ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುವವರ ದನಿ ಹಿಡಿದೆ. ಎಲ್ಲ ಸ್ವಚ್ಛ ಬಂತು. ಆದರೂ ಮೈಕು ಬದಲಿಸಿದೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ ಎಂದು ತಿಳಿಯಿರಿ.

ಅದಕ್ಕೂ ಮೊದಲೇ ಮನೆಯವಳು ಹೇಳಿದ್ದಳು. ನಾನು ಮಾರ್ಚ್ ಕ್ಯಾಸೆಟ್ ಹಚ್ಚಿಕೊಂಡು ಬೆಲ್ಟು, ಮೈಕು ಎಂದು ತಲೆ ಕೆಡಿಸಿಕೊಂಡು ಕುಳಿತಿದ್ದೆ. ಅವಳು ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. "ಏನ್ರೀ, ಎರಡು ಮಾತಿಗೊಮ್ಮೆ ಉಗುಳು ನುಂಗಾಕತ್ತಾರ, ಕೇಳಸಂಗಿಲ್ಲೇನು? ಮಶೀನು ಉಗುಳು ನುಂಗತದೇನು?" ಎಂದಳು. "ನಿನಗೇನು ತಿಳೀತದ" ಎಂದೆ. "ನನಗ ಮಶೀನು ತಿಳಿಯಂಗಿಲ್ಲ, ಮನುಷ್ಯಾ ತಿಳೀತಾನ" ಎಂದಳು. ನಿಮ್ಮ ಈಸ್ಟರ್ ಕ್ಯಾಸೆಟ್ಟಿನಲ್ಲಿ ಅದು ನನಗೂ ಕೇಳಿಸಿತು. ಈಗ ಬೇರೆ ಏನೂ ಕೇಳಿಸುತ್ತಿಲ್ಲ.

ನನಗೆ ವೈದ್ಯ ಗೊತ್ತಿಲ್ಲ. ಆದರೆ ಜನವರಿಯ ಕ್ಯಾಸೆಟ್ಟಿನಿಂದ ಏಪ್ರಿಲಿನ ಕ್ಯಾಸೆಟ್ಟಿನ ತನಕ ಒಂದರ ಹಿಂದೆ ಒಂದು ಹಚ್ಚಿ ಕೇಳಿದರೆ, ಯಾರಿಗಾದರೂ ತಿಳಿಯುತ್ತದೆ. ಹಿರಿಯ ಪಾಸ್ಟರರಿಗೆ ನಾನು ಹಾಗೇ ಹಚ್ಚಿ ಕೇಳಿಸಿದೆ. ಅವರು ಹೈದರಾಬಾದಿನ ದವಾಖಾನೆಗೆ ಬರೆದಿದ್ದಾರೆ. ದಾನಿಯೇಲಪ್ಪನವರನ್ನು ಕರೆದುಕೊಂಡು ಈ ವಾರವೇ ಹೊರಡಿ. ಹೈದರಾಬಾದ್ ಗಾಡಿ ವಾಡಿಯ ಮೇಲೆಯೇ ಬರುತ್ತದೆ. ನಾನೂ ಮನೆಯವಳೂ ಪ್ಲಾಟ್‌ಫಾರ್ಮಿಗೆ ಊಟ ಕಟ್ಟಿಸಿಕೊಂಡು ಬರುತ್ತೇವೆ.

ಗುಲಾಮ ದಸ್ತಗೀರ


ವಾಡಿ
೧೦ ಮೇ ೧೯೮೨

ಅನಸುಬಾಯಿ ತಂಗಿಗೆ,

ಪತ್ರ ಇಲ್ಲ. ನಾನು ಬರೆದ ವಾರದಲ್ಲಿ ದಿನವೂ ಸ್ಟೇಷನ್ನಿಗೆ ಹೋದೆವು. ಗಾಡಿಯ ಉದ್ದಕ್ಕೂ ಕಿಟಕಿ ಕಿಟಕಿಗೆ ನಿಮ್ಮ ಹೆಸರು ಕೂಗಿದೆ. ಯಾರನ್ನು ಕೂಗುತ್ತೀರಿ, ಗುರುತು ಹೇಳಿ ಎಂದು ಒಬ್ಬ ಟಿಸಿ ಕೇಳಿದ. ಗುರುತು ನನಗೆ ಗೊತ್ತಿಲ್ಲ, ದನಿ ಮಾತ್ರ ಗೊತ್ತು ಎಂದೆ. ಅವನು ನನ್ನ ಮುಖ ನೋಡಿ ಹೋದ.

ನಾಗೇಂದ್ರಪ್ಪನವರನ್ನು ಕೇಳಿದರೆ ನಿಮ್ಮ ಮನೆಗೆ ಕೀಲಿ ಹಾಕಿದೆ ಎಂದರು. ನೀವು ಹೊರಟಿದ್ದೀರೋ, ನನ್ನ ಪತ್ರದ ಮೇಲೆ ಸಿಟ್ಟಾಗಿ ಬೇರೆ ಎಲ್ಲಿಗಾದರೂ ಹೋಗಿದ್ದೀರೋ ತಿಳಿಯದು. ಇದನ್ನು ದವಾಖಾನೆಯ ವಿಳಾಸಕ್ಕೆ ಅಂದಾಜಿನ ಮೇಲೆ ಹಾಕುತ್ತಿದ್ದೇನೆ. ಒಂದು ಕಾರ್ಡು ಬರೆಯಿರಿ.

ಗುಲಾಮ ದಸ್ತಗೀರ


ಹೈದರಾಬಾದ್
೧೮ ಮೇ ೧೯೮೨

ದಸ್ತಗೀರ ಅಣ್ಣನವರಿಗೆ,

ನಾವು ವಾಡಿಗೆ ಬರದೆ ತಾಂಡೂರಿನಲ್ಲಿ ಗಾಡಿ ಹತ್ತಿ ಬಂದೆವು. ಚಿಂಚೋಳಿ ಕಡೆಯವರಿಗೆ ಅದೇ ಹತ್ತಿರ. ವಾಡಿಯಲ್ಲಿ ನೀವು ನಿಂತಿರುತ್ತೀರಿ ಎಂದು ಗಾಡಿಯಲ್ಲಿ ಕುಳಿತ ಮೇಲೆ ನೆನಪಾಯಿತು. ಆಗ ಏನೂ ಮಾಡುವ ಹಾಗಿರಲಿಲ್ಲ.

ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ. ಅದನ್ನು ಪೆಟ್ಟಿಗೆ ಸಮೇತ ತೆಗೆಯಬೇಕು. ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ತೆಗೆದೂ ಉಪಯೋಗ ಇರಲಿಲ್ಲವಂತೆ. ಎಂದಿನಿಂದ ಹೀಗಿದೆ ಎಂದು ಕೇಳಿದರು. ದೀಪಾವಳಿಯಿಂದ ಎಂದೆ. ಇಷ್ಟು ದಿನ ಯಾಕೆ ಕೂತಿರಿ ಎಂದರು. ಇವರು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. ನಾನು ಏನು ಹೇಳಲಿ? ಯಂತ್ರ ಕೆಟ್ಟಿದೆ ಎಂದು ತಿಳಿದಿದ್ದೆವು ಎಂದರೆ ಅವರಿಗೆ ತಿಳಿಯುತ್ತದೆಯೇ?

ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ಕೇಳಿದ್ದೀರಿ. ಇತ್ತು. ಏಪ್ರಿಲ್ ಮೂರರ ಪತ್ರದ ಮೇಲೆ ಇತ್ತು. ಅದರಲ್ಲಿ ಬರೆಯಬೇಕಾದ್ದನ್ನು ನೀವು ಹದಿನೈದು ದಿನ ಇಟ್ಟುಕೊಂಡಿರಿ. ಆದರೆ ಈ ವರಾಂಡದಲ್ಲಿ ಕುಳಿತು ನೋಡಿದರೆ, ನನಗೆ ಬೇಕಾದ ಮಾತನ್ನೇ ನಾನು ನಿಮ್ಮಿಂದ ಬರೆಸಿಕೊಳ್ಳುತ್ತಿದ್ದೆ. ಹೆಚ್ಚು ಬರೆಯಲಾರೆ.

ಆಪರೇಷನ್ ನಾಡಿದ್ದು. ಇವರಿಗೆ ಈಗ ಪಿಸುಮಾತು ಮಾತ್ರ ಬರುತ್ತದೆ. ಇವತ್ತು ಅದರಲ್ಲೇ ಇಡೀ ದಿನ ಏನೇನೋ ಮಾತಾಡಿದರು. ಎಮ್ಮೆಯ ವಿಷಯ, ಸೈಕಲ್ಲಿನ ಚೈನಿನ ವಿಷಯ. ದೊಡ್ಡ ಮಾತು ಒಂದೂ ಆಡಲಿಲ್ಲ.

ಅನಸುಬಾಯಿ


ವಾಡಿ
೨೭ ಮೇ ೧೯೮೨

ಅನಸುಬಾಯಿ ತಂಗಿಗೆ,

ಆಪರೇಷನ್ ಆಯಿತು, ಉಸಿರಾಟ ಸರಿ ಇದೆ ಎಂದು ಹಿರಿಯ ಪಾಸ್ಟರರಿಗೆ ತಾರು ಬಂದಿದೆ. ಖುರ್ಷಿದಬೇಗಂ ರಾವೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬಂದಳು. ಹದಿನೈದು ದಿನದ ಮಾತು ನೀವು ಬರೆದದ್ದು ಸರಿ.

ಇಲ್ಲಿ ಒಂದು ವಿಚಾರ ನಡೆದಿದೆ. ನಿಮ್ಮ ಸಭೆಗೆ ಕೊಡಲು ಹಿರಿಯ ಪಾಸ್ಟರರ ಹತ್ತಿರ ಬೇರೆ ಪಾಸ್ಟರ್ ಇಲ್ಲ. ದಾನಿಯೇಲಪ್ಪನವರ ದನಿಯ ಕ್ಯಾಸೆಟ್ಟುಗಳನ್ನೇ ಚಿಮ್ಮನಚೋಡದಲ್ಲೂ ಆದಿತ್ಯವಾರ ಹಚ್ಚಲಿ, ಹಾಗಾದರೆ ಸಭೆ ಮುರಿಯುವುದಿಲ್ಲ, ಚರ್ಚಿನ ಮನೆಯೂ ನಿಮಗೇ ಇರುತ್ತದೆ ಎಂದಿದ್ದಾರೆ. ನಾನು ಇದ್ದದ್ದನ್ನೆಲ್ಲ ಮತ್ತೆ ಕೇಳಿದೆ. ಟವೆಲ್ ಹೊದಿಸಿದ ಜನವರಿಯದರಲ್ಲಿ ಕಂಠ ಎಲ್ಲಕ್ಕಿಂತ ಚೆನ್ನಾಗಿದೆ, ಆದರೆ ಪ್ರಾರ್ಥನೆ ಹತ್ತಿಯೊಳಗೆ ಕೂತಿದೆ, ಅದನ್ನು ಹೊರಗೆ ತೆಗೆಯುವ ವಿದ್ಯೆ ನನ್ನಲ್ಲಿಲ್ಲ. ಆದ್ದರಿಂದ ಫೆಬ್ರವರಿಯಲ್ಲಿ ಬಂದ ಎರಡನೆಯದನ್ನು ಆರಿಸಿ, ಹೊಸ ಕ್ಯಾಸೆಟ್ಟಿಗೆ ತುಂಬಿಸಿ, ಕಿವಿ ಮುರಿದು ಇಟ್ಟಿದ್ದೇನೆ. ನೀವು ಊರಿಗೆ ಬಂದ ಮೇಲೆ ಕಳಿಸುತ್ತೇನೆ. ಸಭೆಗೆ ಅದು ಸಾಕಾಗುತ್ತದೆ ಎಂದು ನನ್ನ ನಂಬಿಕೆ.

ಗುಲಾಮ ದಸ್ತಗೀರ


ಚಿಮ್ಮನಚೋಡ
೧೦ ಆಗಸ್ಟ್ ೧೯೮೨

ದಸ್ತಗೀರ ಅಣ್ಣನವರಿಗೆ,

ಊರಿಗೆ ಬಂದು ಮೂರು ವಾರ ಆಯಿತು. ಇವರು ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾರೆ. ಅದರ ಮೇಲೆ ತೆಳುವಾದ ಬಟ್ಟೆ ಕಟ್ಟಿರುತ್ತೇನೆ. ಗಂಜಿ, ಅಂಬಲಿ ಸರಾಗ ಇಳಿಯುತ್ತದೆ. ಏನಾದರೂ ಬೇಕಿದ್ದರೆ ಸ್ಲೇಟಿನ ಮೇಲೆ ಬರೆಯುತ್ತಾರೆ. ಬಳಪ ಕಿರುಗುಟ್ಟಿದರೆ ಎಮ್ಮೆ ಕೂಡ ತಿರುಗಿ ನೋಡುತ್ತದೆ.

ಮೊನ್ನೆ ಆದಿತ್ಯವಾರ ನೀವು ಕಳಿಸಿದ ಕ್ಯಾಸೆಟ್ ಹಚ್ಚಿದೆವು. ಇವರು ಗಂಡಸರ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಸಭೆ ನಡೆಯಿತೇ, ನಮ್ಮ ಗತಿ ಏನಾಯಿತು ಎಂದು ಹಿರಿಯ ಪಾಸ್ಟರರು ಕೇಳಿದರೆ ನೀವೇ ಹೇಳಬೇಕಾಗುತ್ತದೆ. ಅದಕ್ಕೆ ನಡೆದದ್ದನ್ನು ಬರೆಯುತ್ತೇನೆ.

ಪ್ರಸಂಗ ಆಯಿತು. ಎಲ್ಲರೂ ಕೇಳಿದರು, ಕೆಲವರು ಅತ್ತರು. ಆಮೇಲೆ ಪ್ರಾರ್ಥನೆ ಬಂತು. ಕಣ್ಣು ಮುಚ್ಚಿದೆವು. ಆ ದನಿ, "ತೊಗರಿ ಕಣದಾಗ ಅದ, ತಂದೆ, ರಾಶಿ ಮುಗಿಯೂ ತನಕ ಮಳಿ ತಡಿ" ಎಂದು ಕೇಳಿಕೊಂಡಿತು. ಅದನ್ನು ತುಂಬಿಸಿದಾಗ ರಾಶಿ ನಡೆದಿತ್ತು ನೋಡಿ. ಈಗ ಬಿತ್ತಿದ್ದು ಒಣಗಿ ನಿಂತಿದೆ, ಮೋಡ ಬಂದು ಬಂದು ಹೋಗುತ್ತಿದೆ. ಧರ್ಮಣ್ಣನವರು ಕಣ್ಣು ತೆರೆಯದೆಯೇ, "ಬ್ಯಾಡೋ ಮಾರಾಯ, ಸುಮ್ನಿರು" ಎಂದರು. ಹಿಂದೆ ಒಂದಿಬ್ಬರು ನಕ್ಕರು.

ಅದು ಸುಮ್ಮನಿರಲಿಲ್ಲ. "ಧರ್ಮಣ್ಣನ ತಾಯಿ ಹಾಸಿಗಿ ಹಿಡದಾಳ, ಆಕಿನ್ನ ಎಬ್ಬಸು" ಎಂದಿತು. ಆ ಮುದುಕಿ ನಾವು ದವಾಖಾನೆಯಲ್ಲಿದ್ದಾಗ ತೀರಿಕೊಂಡಳು. ಈಗ ಯಾರೂ ನಗಲಿಲ್ಲ. ಧರ್ಮಣ್ಣನವರು ಎದ್ದು ಹೊರಗೆ ಹೋದರು. ದನಿ ಮುಂದೆ ಹೋಗುತ್ತಲೇ ಇತ್ತು. ಹೆಸರಿನ ಮೇಲೆ ಹೆಸರು ಹೇಳುತ್ತಿತ್ತು. ಇವರು ತಮ್ಮ ದನಿಯ ಕಡೆ ಕೈ ಎತ್ತಿ ಸಾಕು ಎಂದು ಸನ್ನೆ ಮಾಡುತ್ತಿದ್ದರು. ಎಲ್ಲರೂ ಕಣ್ಣು ಮುಚ್ಚಿದ್ದರು, ಯಾರು ನೋಡಬೇಕು? ನಾನು ನೋಡಿದೆ. ಎದ್ದು ಹೋಗಿ ಗುಂಡಿ ಒತ್ತಿ ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಏನು ಮಾಡಬೇಕು ಗೊತ್ತಿರಲಿಲ್ಲ. ಆಮೆನ್ ಆಗಿರಲಿಲ್ಲ, ಆದ್ದರಿಂದ ಯಾರೂ ಕಣ್ಣು ತೆರೆಯಲಿಲ್ಲ. ಕಾಯುತ್ತ ಕುಳಿತರು. ಸೆರಗು ಮುಂದಕ್ಕೆ ಎಳೆದುಕೊಂಡು ನಾನೇ ಶುರು ಮಾಡಿದೆ. ಮಳೆ ಕೇಳಿದೆ. ಧರ್ಮಣ್ಣನವರ ಮನೆಗೆ ಸಮಾಧಾನ ಕೇಳಿದೆ. ಹೆಸರು ಹಿಡಿದು ಒಬ್ಬೊಬ್ಬರದೇ ಹೇಳುತ್ತ ಹೋದೆ. ಹಡೆಯಲು ತವರಿಗೆ ಬಂದವಳನ್ನು, ಕಲ್ಲಿನ ಖಣಿಯಲ್ಲಿ ಕಾಲು ಜಜ್ಜಿಕೊಂಡವನನ್ನು, ನಿಮ್ಮಿಬ್ಬರನ್ನೂ ಹೇಳಿದೆ. ಮುಗಿಯಿತು. ಆಮೆನ್ ಎಂದರು. ಮುಂದಿನ ವಾರವೂ ಅನಸುಬಾಯಿಯೇ ಮಾಡಲಿ ಎಂದು ಧರ್ಮಣ್ಣನವರು ಬಾಗಿಲಲ್ಲಿ ನಿಂತು ಹೇಳಿದರು. ಹೆಂಗಸು ಸಭೆ ನಡೆಸಿದರೆ ಹಿರಿಯ ಪಾಸ್ಟರರು ಒಪ್ಪುತ್ತಾರೋ ಇಲ್ಲವೋ, ಈ ಮನೆ ನಮಗೆ ಇರುತ್ತದೋ ಇಲ್ಲವೋ ತಿಳಿಯದು. ನೀವು ಅವರಿಗೆ ನೇರವಾಗಿ ಹೇಳಿ. ಹಾಗೆಯೇ ನೀವು ಟೇಪಿನ ವಿಷಯ ಬೇರೆ ಚರ್ಚುಗಳಿಗೆ ಬರೆಯುವಾಗ ಇದನ್ನೂ ಬರೆಯಿರಿ. ಪ್ರಸಂಗ ತುಂಬಿಸಿರಿ, ಹಾಡು ತುಂಬಿಸಿರಿ. ಪ್ರಾರ್ಥನೆ ತುಂಬಿಸಬೇಡಿ. ಅದನ್ನು ಆಯಾ ಊರಿನಲ್ಲಿ ಇದ್ದವರು ಅವತ್ತಿಗೆ ಮಾಡಿಕೊಳ್ಳಲಿ.

ಮನೆಗೆ ಬಂದ ಮೇಲೆ ಇವರು ಸ್ಲೇಟು ತೆಗೆದುಕೊಂಡು ಹಳೆಯ ಅಕ್ಷರ ಒರೆಸಿದರು. ಹೆಂಗಸಾಗಿ ಮುಂದೆ ನಿಂತದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಆಮೇಲೆ ಬರೆದು ನನ್ನ ಕಡೆ ತಿರುಗಿಸಿದರು. "ಎಲ್ಲಾರ ಹೆಸರು ಹೇಳಿದಿ. ನನ್ನದೊಂದು ಬಿಟ್ಟಿ."

ಬಿಟ್ಟದ್ದು ನಿಜ. ಗಂಡನ ಹೆಸರು ಹೇಳಿ ನನಗೆ ರೂಢಿ ಇಲ್ಲ, ಮದುವೆಯಾದಾಗಿನಿಂದ ಹೇಳಿಲ್ಲ. ಆದರೆ ನಾನು ಹೇಳದಿದ್ದರೆ ಸಭೆಯಲ್ಲಿ ಅದನ್ನು ಹೇಳುವವರು ಇನ್ನು ಯಾರೂ ಇಲ್ಲ. ಇವರು ಹಿತ್ತಲಿಗೆ ಹೋದಾಗ ಒಬ್ಬಳೇ ಕುಳಿತು ಹೇಳಿ ನೋಡುತ್ತಿದ್ದೇನೆ. ಅರ್ಧಕ್ಕೆ ನಿಲ್ಲುತ್ತದೆ. ಆದಿತ್ಯವಾರದೊಳಗೆ ಪೂರಾ ಬರಬೇಕು.

ಅನಸುಬಾಯಿ